ದೀಪದ ಹೆಣ್ಣನ್ನು ಮಕ್ಕಳಿಗೆ ಕೊಡುವ ಬಗೆ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಮಕ್ಕಳು ಯಾರೂ ಹೇಳದೆ ತಾವಾಗಿ ನಿಲ್ಲುವ ಒಂದು ಚಿತ್ರವಿದೆ. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಕುಡಿಗೆ ಮರೆ ಮಾಡಿದ ಹೆಣ್ಣಿನ ಚಿತ್ರ ಅದು. ‘ಗ್ಲೋ ಆಫ್ ಹೋಪ್’ ಎಂದು ಹೆಸರಾದ ಅದನ್ನು 1945-46ರ ಸುಮಾರಿಗೆ ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅದೇ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮನ ಚಿತ್ರಗಳೂ ಇರುವುದರಿಂದ ಇದೂ ಅವನದೇ ಎಂದು ಎಷ್ಟೋ ಜನ ನಂಬಿದ್ದಾರೆ, ಮಕ್ಕಳಿಗೂ ಹಾಗೆಯೇ ಹೇಳುತ್ತಾರೆ. ಚಿತ್ರ ಬರೆದವನ ಹೆಸರನ್ನಾದರೂ ಸರಿಯಾಗಿ ಹೇಳುವುದು ಮಕ್ಕಳಿಗೆ ನಾವು ತೋರಿಸಬೇಕಾದ ಮೊದಲ ಗೌರವ.

ಬೇಸಿಗೆ ಬಂತೆಂದರೆ ಮೈಸೂರಿನ ಬಡಾವಣೆ ಬಡಾವಣೆಯಲ್ಲೂ ಚಿತ್ರಕಲಾ ಶಿಬಿರ. ದೊಡ್ಡ ಕಲಾವಿದರ ಪ್ರೇರಣೆಯಲ್ಲಿ ಮಕ್ಕಳ ಕೈಲಿ ಪ್ರಾಜೆಕ್ಟ್ ಮಾಡಿಸುವುದು ಈಗ ಎಲ್ಲೆಡೆಯ ರೂಢಿ. ಒಂದು ದಿನ ವಾನ್ ಗೋ, ಒಂದು ದಿನ ರವಿವರ್ಮ, ಒಂದು ದಿನ ಈ ದೀಪದ ಹೆಣ್ಣು. ನಾನು ನೋಡಿದ ಹೆಚ್ಚಿನ ಕಡೆ ಕ್ರಮ ಒಂದೇ ತೆರ. ಔಟ್‌ಲೈನ್ ಜೆರಾಕ್ಸ್ ಹಾಳೆಯಲ್ಲಿ ಸಿದ್ಧವಾಗಿರುತ್ತದೆ. ಸೀರೆಗೆ ಯಾವ ಬಣ್ಣ, ಹಿನ್ನೆಲೆಗೆ ಯಾವುದು ಎಂದು ಮುಂಚೆಯೇ ಹೇಳಿರುತ್ತಾರೆ. ಕೊನೆಗೆ ಕಣ್ಣು, ಮೂಗು, ಬೆರಳುಗಳಿಗೆ ಹೇಳಿಕೊಡುವವರೇ ಫಿನಿಷಿಂಗ್ ಕೊಡುತ್ತಾರೆ. ಸಮಾರೋಪದ ದಿನ ಗೋಡೆಯ ಮೇಲೆ ಸಾಲಾಗಿ ನಿಂತ ಚಿತ್ರಗಳಲ್ಲಿ ಯಾವುದು ಯಾವ ಮಗುವಿನದು ಎಂದು ತಿಳಿಯಲು ಮೂಲೆಯಲ್ಲಿ ಬರೆದ ಹೆಸರನ್ನೇ ಹುಡುಕಬೇಕು. ಮಕ್ಕಳು ಅಷ್ಟು ಹೊತ್ತು ತಾಳ್ಮೆಯಿಂದ ಕೂತು ಕೆಲಸ ಮಾಡಿದ್ದಾರೆ, ಅದು ಸಣ್ಣದಲ್ಲ. ಆದರೆ ಆ ತಾಳ್ಮೆಯನ್ನು ನಾವು ಬಳಸಿಕೊಂಡ ರೀತಿ ನನಗೆ ನೋವು ತರುತ್ತದೆ.

ಯಾಕೆಂದರೆ ಹಲ್ದಂಕರ್ ಇದನ್ನು ಜಲವರ್ಣದಲ್ಲಿ ಬರೆದಿದ್ದಾರೆ, ಅದರ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ತೈಲವರ್ಣದಲ್ಲಾದರೆ ಕತ್ತಲೆಯನ್ನು ಮೊದಲು ಬಳಿದು, ಅದರ ಮೇಲೆ ಬೆಳಕನ್ನು ಹಚ್ಚಬಹುದು, ತಪ್ಪಿದರೆ ಮುಚ್ಚಬಹುದು. ಜಲವರ್ಣದಲ್ಲಿ ಬೆಳಕನ್ನು ಹಚ್ಚುವ ಹಾಗಿಲ್ಲ, ಉಳಿಸಿಕೊಳ್ಳಬೇಕು. ಕಾಗದದ ಬಿಳುಪೇ ಬೆಳಕು. ಎಲ್ಲಿ ಬಣ್ಣ ಹಾಕಬಾರದು ಎಂಬುದನ್ನು ಕುಂಚ ಅದ್ದುವ ಮೊದಲೇ ತೀರ್ಮಾನಿಸಿ, ಸುತ್ತ ಕತ್ತಲೆಯನ್ನು ತೆಳು ಪದರ ಪದರವಾಗಿ ಕಟ್ಟುತ್ತ ಬರಬೇಕು. ಒಮ್ಮೆ ನೀರು ಹರಿದು ಬೆಳಕಿನ ಜಾಗ ಕದಡಿತೆಂದರೆ ಅದನ್ನು ಪೂರಾ ಹಿಂದಕ್ಕೆ ತರಲಾಗದು. ಹೀಗಿರುವಾಗ ಮಕ್ಕಳ ಕೈಗೆ ಕಪ್ಪು ಹಾಳೆಯನ್ನೋ ಪೋಸ್ಟರ್ ಕಲರನ್ನೋ ಕೊಟ್ಟು, ಕೊನೆಯಲ್ಲಿ ಕುಡಿಯ ಜಾಗಕ್ಕೆ ಹಳದಿ ಬೊಟ್ಟಿಡಿಸಿದರೆ ಕಲಾವಿದ ಎದುರಿಸಿದ ಸವಾಲಿನ ಸುಳಿವೇ ಮಗುವಿಗೆ ಸಿಗುವುದಿಲ್ಲ. ಹೆಣ್ಣಿನ ಮುಖ ಸಿಕ್ಕಿತು, ಚಿತ್ರ ಸಿಗಲಿಲ್ಲ.

ಇದೇ ಚಿತ್ರವನ್ನು ಮಕ್ಕಳಿಗೆ ಬೇರೆ ಬಗೆಯಲ್ಲಿ ಕೊಡಬಹುದು. ಕಿಟಕಿಗಳಿಗೆ ಪರದೆ ಎಳೆದು, ದೊಡ್ಡವರೊಬ್ಬರು ಜತೆಗಿದ್ದು, ಒಂದೇ ಒಂದು ಹಣತೆ ಹಚ್ಚಿ, ಸುಡದಷ್ಟು ದೂರದಲ್ಲಿ ಅಂಗೈ ಮರೆ ಮಾಡಿ ನೋಡಲು ಹೇಳಬೇಕು. ಬೆರಳಿನ ಅಂಚು, ಸಂದುಗಳಲ್ಲಿ ಕಾಣುವ ಕೆಂಪನ್ನು ಕಂಡು ಮಕ್ಕಳು ಕೂಗಿಬಿಡುತ್ತಾರೆ. ಹಲ್ದಂಕರ್ ಹಿಡಿದದ್ದು ಆ ಕೆಂಪನ್ನೇ. ಎದುರಿಗೆ ಕೂತವರ ಮುಖದಲ್ಲಿ ಗಲ್ಲ, ಮೂಗಿನ ತುದಿ ಮಾತ್ರ ಬೆಳಗುತ್ತವೆ. ಹಿಂದೆ ಗೋಡೆಯ ಮೇಲೆ ನೆರಳು ಆಳಿಗಿಂತ ದೊಡ್ಡದಾಗುತ್ತದೆ. ಇಷ್ಟನ್ನು ಕಂಡ ಮೇಲೆ ದಪ್ಪ ಕಾಗದ, ಎರಡೇ ಬಣ್ಣ, ನೀರು ಕೊಟ್ಟರೆ ಸಾಕು. ಬರೆಯುವುದು ಸೀರೆ ಉಟ್ಟ ಹೆಣ್ಣನ್ನೇ ಆಗಬೇಕಿಲ್ಲ. ಅಜ್ಜಿಯಾಗಲಿ, ಪಕ್ಕದಲ್ಲಿ ಕೂತ ಗೆಳೆಯನಾಗಲಿ, ಬರೀ ಒಂದು ಕೈಯಾಗಲಿ. ಬಿಳಿ ಜಾಗವನ್ನು ಕಾಯಬೇಕು ಎಂಬ ಒಂದು ನಿಯಮ ಇದ್ದರೆ ಆಯಿತು. ಹಾಳೆಗಳು ಹಾಳಾಗುತ್ತವೆ, ಆಗಲಿ. ಆಮೇಲೆ ಚಿತ್ರಶಾಲೆಗೆ ಹೋದ ಮಗು ಹಲ್ದಂಕರರನ್ನು ಅದೇ ಕಷ್ಟಪಟ್ಟ ಇನ್ನೊಬ್ಬರಾಗಿ ನೋಡುತ್ತದೆ.

ಹಾಗೆಂದು ನಕಲನ್ನೇ ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬೆಳೆದದ್ದೇ ಗುರುವಿನ ರೇಖೆಯನ್ನು ಅನುಸರಿಸುತ್ತ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಗೆರೆ ಎಳೆಯುವುದರಿಂದ ಹಿಡಿದು ಉಬ್ಬುಗೆಲಸ, ಚಿನ್ನದ ರೇಕು ಅಂಟಿಸುವವರೆಗೆ ಎಲ್ಲವೂ ನೋಡಿ ಮಾಡಿ ಕಲಿಯುವ ವಿದ್ಯೆ. ವಾನ್ ಗೋ ಕೂಡ 1889-90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಮತ್ತೆ ಬರೆದ. ಅವನ ಮುಂದಿದ್ದದ್ದು ಕಪ್ಪು-ಬಿಳುಪು ಮುದ್ರಣಗಳು, ಬಣ್ಣವೆಲ್ಲ ಅವನದೇ. ನಕಲು ಮಾಡುವವನು ತನ್ನದನ್ನು ತುಂಬಲು ಅಲ್ಲಿ ಜಾಗವಿತ್ತು. ಮಕ್ಕಳ ಪ್ರಾಜೆಕ್ಟುಗಳನ್ನು ಅಳೆಯಲು ನಾನು ಹಿಡಿಯುವ ಮಾನದಂಡ ಇದೇ. ಜೆರಾಕ್ಸ್ ಹಾಳೆಯಲ್ಲಿ ಅಂಥ ಜಾಗ ಉಳಿದಿರುವುದಿಲ್ಲ.

ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’ ತೆಗೆದುಕೊಳ್ಳಿ. 1889ರ ಆ ಚಿತ್ರವೂ ಜಗನ್ಮೋಹನದಲ್ಲೇ ಇದೆ. ದೇಶದ ಬೇರೆ ಬೇರೆ ಭಾಗ, ಸಮುದಾಯಗಳ ಹನ್ನೊಂದು ಹೆಂಗಸರನ್ನು ಅವರವರ ಉಡುಗೆಯಲ್ಲಿ ಒಂದೇ ಕಡೆ ಕೂಡಿಸಿದ ಚಿತ್ರ. ಆ ಮುಖಗಳ ನಯವನ್ನು ಹತ್ತು ವರ್ಷದ ಮಗುವಿನಿಂದ ನಿರೀಕ್ಷಿಸಿದರೆ ಮಗು ತನಗೆ ಚಿತ್ರ ಬರುವುದಿಲ್ಲ ಎಂದುಕೊಂಡು ಎದ್ದು ಹೋಗುತ್ತದೆ. ಅದರ ಬದಲು, ನಿನ್ನ ಬೀದಿಯಲ್ಲಿ ಹಾಡುವವರು, ಬಾರಿಸುವವರು ಯಾರು, ಅವರನ್ನೆಲ್ಲ ಒಂದು ಹಾಳೆಯಲ್ಲಿ ಕೂಡಿಸು ಎಂದರೆ? ದೇವಸ್ಥಾನದ ನಾಗಸ್ವರದವರು, ಬ್ಯಾಂಡಿನವರು, ತಮಟೆಯವರು, ವೀಣೆ ಹೇಳಿಕೊಡುವ ಟೀಚರು, ರೇಡಿಯೊ ಜತೆ ಹಾಡಿಕೊಳ್ಳುವ ದೊಡ್ಡಮ್ಮ ಎಲ್ಲರೂ ಬಂದಾರು. ರವಿವರ್ಮ ಮಾಡಿದ್ದೂ ಅಂಥ ಆಯ್ಕೆಯೇ.

ತಪ್ಪನ್ನೆಲ್ಲ ಡ್ರಾಯಿಂಗ್ ಟೀಚರ್‌ಗಳ ಮೇಲೆ ಹೊರಿಸುವುದು ಅನ್ಯಾಯ. ಕೆಲವೇ ದಿನಗಳ ಶಿಬಿರದಲ್ಲಿ ಪ್ರತಿ ಮಗುವೂ ಮನೆಗೆ ‘ಚೆಂದದ’ ಚಿತ್ರ ಒಯ್ಯಬೇಕೆಂದು ಪಟ್ಟು ಹಿಡಿಯುವವರು ನಾವು, ಹೆತ್ತವರು. ನೋಡುವುದಕ್ಕೆ ಬೇಕಾದ ಹೊತ್ತನ್ನು ನಾವು ಲೆಕ್ಕಕ್ಕೆ ತರುವುದಿಲ್ಲ. ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಮನೆಯ ಸುತ್ತಲಿನ ಕಾಗೆಗಳನ್ನು ನೋಡಿ ನೋಡಿ ಬರೆದ ಹುಡುಗ. ಮುಂದೆ ಬಾಂಬೆಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಅದೇ ಊರಿನಲ್ಲಿ ದೇಶವೆಲ್ಲ ಬಲ್ಲ ವ್ಯಂಗ್ಯಚಿತ್ರಕಾರರಾದರು, ಕಾಗೆಗಳನ್ನು ಬರೆಯುವುದನ್ನು ಬಿಡಲಿಲ್ಲ. ಕಾಗೆಯನ್ನು ಅಷ್ಟು ಹೊತ್ತು ನೋಡುವ ಪುರುಸೊತ್ತು ಇಂದು ಎಷ್ಟು ಮಕ್ಕಳಿಗಿದೆ?

ಮೈಸೂರಿನವರೇ ಆದ ಕಲಾವಿದ ಕೆ. ವೆಂಕಟಪ್ಪ ನಮ್ಮ ಶಿಬಿರಗಳಲ್ಲಿ ಅಪರೂಪಕ್ಕೂ ಕಾಣಿಸುವುದಿಲ್ಲ ಎಂಬುದು ನನ್ನ ದೊಡ್ಡ ಕೊರಗು. 1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತು ಬಂದವರು. ನೀಲಗಿರಿಯ ಮಳೆಮೋಡ, ಬೆಳದಿಂಗಳು, ಬೆಳಗುಗಳನ್ನು ಜಲವರ್ಣದಲ್ಲಿ ಹಿಡಿದವರು. ಬೆಂಗಳೂರಿನ ಚಿತ್ರಶಾಲೆಗೆ ಅವರ ಹೆಸರಿದೆ. ಅವರ ಊರಿನ ಮಕ್ಕಳಿಗೆ ಆ ಹೆಸರು ತಿಳಿಯದು. ವೆಂಕಟಪ್ಪನವರ ಪ್ರೇರಣೆಯ ಪ್ರಾಜೆಕ್ಟಿಗೆ ಮೈಸೂರಿಗಿಂತ ತಕ್ಕ ಊರಿಲ್ಲ, ಚಾಮುಂಡಿ ಬೆಟ್ಟ ಎಷ್ಟೋ ಶಾಲೆಗಳ ತಾರಸಿಯಿಂದ ಕಾಣುತ್ತದೆ. ಅದೇ ಬೆಟ್ಟವನ್ನು ಬೆಳಗಿನ ಮಂಜಿನಲ್ಲಿ ಒಮ್ಮೆ, ನಡುಹಗಲಲ್ಲಿ ಒಮ್ಮೆ, ಮಳೆ ಬರುವ ಮುಂಚೆ ಒಮ್ಮೆ, ದೀಪ ಹತ್ತಿದ ಮೇಲೆ ಒಮ್ಮೆ ಬರೆಯಲಿ. ಸಮಾರೋಪದ ದಿನ ಒಂದೊಂದು ಮಗುವಿನ ಎಲ್ಲ ಹಾಳೆಗಳನ್ನೂ, ಬಣ್ಣ ಹರಿದು ಕೆಟ್ಟವನ್ನೂ ಸೇರಿಸಿ, ಒಟ್ಟಿಗೆ ತೂಗುಹಾಕಿ, ಪ್ರತಿ ಹಾಳೆಯ ಕೆಳಗೆ ಎಷ್ಟು ಹೊತ್ತಿಗೆ ಬರೆದದ್ದು ಎಂದು ಮಗುವೇ ಬರೆದಿರಲಿ.