ಗಾಳಿವಿದ್ಯುತ್ತಿನ ಮುನ್ನಂದಾಜು: ಅಳತೆಗೋಲಿನ ವಿಮರ್ಶೆ

ಕೊಕ್ಕರ್ಣೆಯ ಬೇಸಾಯಗಾರನಿಗೆ ಮುಂಗಾರಿನ ಪಡುಗಾಳಿ ಮಳೆಯ ದೂತ. ಅದೇ ಮಾರುತವು ಘಟ್ಟವನ್ನೇರಿ ಮೂಡಲಿಗೆ ಹಾಯ್ದಾಗ ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ವಿದ್ಯುತ್ತಾಗುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಅದೆಷ್ಟು ದೊರೆತೀತೆಂದು ಮೊದಲೇ ಹೇಳುವ ಶಾಸ್ತ್ರವು ತನ್ನ ತಪ್ಪನ್ನು ತಾನೇ ಅಳೆದುಕೊಳ್ಳುವ ಬಗೆಯನ್ನು ಇಲ್ಲಿ ಪರೀಕ್ಷಿಸಬಯಸುತ್ತೇವೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿಯು ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ಒಡೆದು, ಪ್ರತಿಯೊಂದಕ್ಕೂ ಅಂದಾಜನ್ನು ಕೇಳಿತು. ಶೇಕಡಾ 15ರವರೆಗಿನ ವ್ಯತ್ಯಾಸಕ್ಕೆ ದಂಡವಿಲ್ಲವೆಂದಿತು. ಗಾಳಿಯ ಚಂಚಲತೆಯನ್ನು ಬಲ್ಲವರು ಈ ರಿಯಾಯಿತಿಯನ್ನು ಅತಿಯೆನ್ನಲಾರರು. ವೇಗವು ಸೆಕೆಂಡಿಗೆ 6 ಮೀಟರಿನಿಂದ 7ಕ್ಕೆ ಏರಿದರೆ, ಘನನಿಯಮದಂತೆ ಗಾಳಿಯ ಶಕ್ತಿ ಸುಮಾರು ಶೇಕಡಾ 59ರಷ್ಟು ಹೆಚ್ಚುತ್ತದೆ. ಆದರೆ ಆ ಶೇಕಡಾ ಯಾವುದರ ಶೇಕಡಾ? ನಿಯಮದಲ್ಲಿ ಭಾಜಕವಾದುದು ಲಭ್ಯ ಸಾಮರ್ಥ್ಯ. 100 ಮೆಗಾವಾಟಿನ ಸ್ಥಾವರದಲ್ಲಿ 20 ಬರುವುದೆಂದು ಹೇಳಿ 10 ಮಾತ್ರ ಬಂದರೆ, ತಪ್ಪು ಶೇಕಡಾ 10 ಎಂದಾಯಿತು. ಹೇಳಿದುದು ಬಂದುದರ ಇಮ್ಮಡಿಯೆಂಬ ಮಾತು ಎಲ್ಲಿಯೂ ಕಾಣದು. ಮಂದಗಾಳಿಯ ತಿಂಗಳುಗಳಲ್ಲಿ ಎಂಥವನೂ ಪಂಡಿತನೇ! ಬಂದ ವಿದ್ಯುತ್ತನ್ನೇ ಭಾಜಕವಾಗಿಸೋಣವೆಂದರೆ, ಗಾಳಿ ನಿಂತಾಗ ಸೊನ್ನೆಯಿಂದ ಭಾಗಿಸಬೇಕಾದೀತು. ಆದುದರಿಂದ ತಪ್ಪನ್ನು ಮೆಗಾವಾಟುಗಳಲ್ಲಿಯೇ ಕೊಟ್ಟು, ಅದರ ಪಕ್ಕದಲ್ಲಿ 'ಈಗಿರುವಷ್ಟೇ ಆಗಲೂ ಇರುವುದು' ಎಂಬ ಸರಳ ಊಹೆಯ ತಪ್ಪನ್ನೂ ಇಡುವುದು ಪ್ರಾಮಾಣಿಕವಾದ ದಾರಿ. ಒಂದೆರಡು ಗಂಟೆಗಳ ಅವಧಿಯಲ್ಲಿ ಈ ಊಹೆಯನ್ನು ಸೋಲಿಸುವುದು ತೋರುವಷ್ಟು ಸುಲಭವಲ್ಲ.

ಹಲವು ಸ್ಥಾವರಗಳನ್ನು ಕೂಡಿಸಿ ಅಂದಾಜು ಮಾಡುವುದರಲ್ಲಿ ಲಾಭವಿದೆಯೆಂಬುದು ನಿಜ. ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ತುಂಬುತ್ತದೆ. ಒಂದೇ ಅಳತೆಯ 9 ಸ್ಥಾವರಗಳ ತಪ್ಪುಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಒಟ್ಟಿನ ಸಾಪೇಕ್ಷ ತಪ್ಪು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆ 'ರೆ' ಎಂಬ ಅಕ್ಷರದಲ್ಲಿಯೇ ತೊಡಕು. ಎಲ್ಲ ರೆಕ್ಕೆಗಳನ್ನೂ ತಿರುಗಿಸುವುದು ಒಂದೇ ಮುಂಗಾರು. ಅದು ಒಮ್ಮೆಗೇ ಸೊರಗಿದಾಗ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ವಾಲುತ್ತವೆ. ವರ್ಷದ ಸರಾಸರಿಯು ಈ ಗಳಿಗೆಗಳನ್ನು ನುಂಗಿಬಿಡುತ್ತದೆ.

ಬೆಂಗಳೂರಿನ ರಾಜ್ಯ ಭಾರ ರವಾನೆ ಕೇಂದ್ರಕ್ಕೆ ಬೇಕಾದುದು ಮಾತ್ರ ಆ ಗಳಿಗೆಗಳೇ. ಗಾಳಿ ಬಿದ್ದಾಗ ತಟ್ಟನೆ ಎಚ್ಚರಗೊಳ್ಳಬೇಕಾದುದು ಜಲವಿದ್ಯುತ್ತು. ಕುಂದಾಪುರ ಸೀಮೆಯ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ 115 ಮೆಗಾವಾಟಿನ 4 ಯಂತ್ರಗಳಿವೆ. ಅವುಗಳಲ್ಲಿ ಎಷ್ಟನ್ನು ಸಿದ್ಧವಾಗಿಡಬೇಕೆಂಬುದನ್ನು ಸರಾಸರಿ ತಪ್ಪು ತಿಳಿಸಲಾರದು. ಮುಂಗಾರು ಬಲಗೊಳ್ಳುವ ಮತ್ತು ಬಿಡುವು ಕೊಡುವ ದಿನಗಳ ತಪ್ಪುಗಳನ್ನು ಬೇರೆ ಪಟ್ಟಿಯಾಗಿಯೇ ಪ್ರಕಟಿಸಬೇಕೆಂದು ನಾವು ಕೇಳುವುದು ಈ ಕಾರಣದಿಂದ.