ತೀರ್ಪು ಮೊದಲು, ವಿಚಾರಣೆ ಆಮೇಲೆ

ಚಾರ್ಲ್ಸ್ ಲ್ಯಾಂಬ್ ಮತ್ತು ಅವನ ಅಕ್ಕ ಮೇರಿ ಸೇರಿ ಬರೆದ ‘ಟೇಲ್ಸ್ ಫ್ರಂ ಷೇಕ್ಸ್‌ಪಿಯರ್’ 1807ರಲ್ಲಿ ಲಂಡನ್ನಿನಲ್ಲಿ ಹೊರಬಂತು, ಇಂದಿಗೂ ಅಚ್ಚಾಗುತ್ತಿದೆ. ಅದರ 20 ಕಥೆಗಳಲ್ಲಿ 14 ಮೇರಿಯವು, ಆರು ದುರಂತಗಳು ಮಾತ್ರ ಚಾರ್ಲ್ಸ್‌ನವು. ಆದರೂ ಮೊದಲ ಮುದ್ರಣದಲ್ಲಿ ಇದ್ದದ್ದು ತಮ್ಮನ ಹೆಸರೊಂದೇ. ಈ ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾಗದು. ನಾಟಕವನ್ನು ಗದ್ಯಕಥೆಯಾಗಿಸುವ ಇಂಥ ಪುಸ್ತಕಗಳ ಮೇಲೆ ಸಾಮಾನ್ಯವಾಗಿ ಹೊರಿಸುವ ಆರೋಪ, ಕಾವ್ಯ ಸೋರಿಹೋಯಿತು ಎನ್ನುವುದು. ಲ್ಯಾಂಬರ ಮಟ್ಟಿಗೆ ಅದು ನ್ಯಾಯವಲ್ಲ. ಆದಷ್ಟೂ ಕವಿಯ ಮಾತುಗಳನ್ನೇ ಹೆಣೆಯುವ ಶ್ರದ್ಧೆ ಅವರಿಗಿತ್ತು. ನಿಜವಾದ ನಷ್ಟ ಬೇರೆ ಕಡೆ ಇದೆ: ನಾಟಕದಲ್ಲಿ ನಿರೂಪಕನಿಲ್ಲ, ಇವರು ಒಬ್ಬನನ್ನು ತಂದು ಕೂರಿಸಿದರು, ಅವನು ಮಗುವಿನ ಪರವಾಗಿ ತಾನೇ ತೀರ್ಪು ಕೊಟ್ಟುಬಿಟ್ಟ.

‘ಮರ್ಚೆಂಟ್ ಆಫ್ ವೆನಿಸ್’ ನೋಡಿ. ನಾಟಕದಲ್ಲಿ ಶೈಲಾಕ್ ಮೊದಲು ಬರುವುದು ಸಾಲದ ಮಾತುಕತೆಯ ನಡುವೆ. ಅವನು ಎಂಥವನೆಂದು ಅವನ ಬಾಯಿಂದಲೂ ಎದುರಾಳಿಗಳ ಬಾಯಿಂದಲೂ ಕೇಳಿಕೊಂಡೇ ಅಳೆಯಬೇಕು. ಮೇರಿಯ ಕಥೆಯಾದರೋ ಮೊದಲ ಸಾಲುಗಳಲ್ಲೇ ಅವನನ್ನು ಕಲ್ಲೆದೆಯ ಬಡ್ಡಿವ್ಯಾಪಾರಿ ಎಂದು ಗುರುತು ಹಾಕಿಬಿಡುತ್ತದೆ. ಸಾಲ ಕೇಳುವ ಆಂಟೋನಿಯೊ ಹಿಂದೆ ತನ್ನ ಮೇಲೆ ಉಗಿದದ್ದನ್ನು ಅವನು ಎತ್ತಿ ಆಡುವ ಮಾತು ಉಳಿದಿದೆ, ನಿಜ. ಆದರೆ ಮಗಳು ಜೆಸಿಕಾ ಹಣದೊಂದಿಗೆ ಓಡಿಹೋದ ಪ್ರಸಂಗವಿಲ್ಲ. ಆ ಗಾಯದ ಬೆನ್ನಲ್ಲೇ, ಯೆಹೂದಿಗೂ ಕಣ್ಣು, ಕೈ, ನೋವು ಇಲ್ಲವೇ ಎಂದು ಅವನು ಕೇಳುವ ಭಾಷಣವೂ ಇಲ್ಲ. ಹೀಗಾಗಿ ಸಾಲಕ್ಕೆ ಬದಲು ಆಂಟೋನಿಯೊನ ಮಾಂಸ ಕೊಯ್ಯಲು ಚಾಕು ಮಸೆಯುವ ಕೈ ಕಾಣುತ್ತದೆ, ಆ ಕೈಯನ್ನು ಅಲ್ಲಿಗೆ ತಂದ ದಾರಿ ಕಾಣುವುದಿಲ್ಲ. ‘ಟ್ವೆಲ್ಫ್ತ್ ನೈಟ್’ ಕಥೆಯಿಂದ ಮಾಲ್ವೋಲಿಯೊನನ್ನೇ ಕೈಬಿಟ್ಟದ್ದೂ ಇದೇ ಜಾಡಿನದು: ನಗುತ್ತಿದ್ದ ಪ್ರೇಕ್ಷಕನಿಗೆ ತನ್ನ ನಗುವಿನ ಬಗ್ಗೆಯೇ ನಾಚಿಕೆ ತರಿಸುವ ಪಾತ್ರ ಅದು. ಚಾರ್ಲ್ಸ್ 1811ರಲ್ಲಿ, ಷೇಕ್ಸ್‌ಪಿಯರ್‌ನ ನಾಟಕಗಳು ರಂಗಕ್ಕಿಂತ ಓದಿಗೇ ತಕ್ಕವು ಎಂದು ವಾದಿಸಿದ. ಆ ನಿಲುವಿನವನಿಗೆ ಹಲವು ದನಿಗಳನ್ನು ಒಂದೇ ದನಿಗೆ ಇಳಿಸುವುದು ದೊಡ್ಡ ತ್ಯಾಗವೆನಿಸದಿದ್ದರೆ ಆಶ್ಚರ್ಯವಿಲ್ಲ.

ಎಳೆಯರಿಗೆ ಒಳ್ಳೆಯದು ಕೆಟ್ಟದ್ದನ್ನು ಮೊದಲೇ ತೋರಿಸಿಕೊಡದಿದ್ದರೆ ದಿಕ್ಕು ತಪ್ಪುತ್ತಾರೆ ಎನ್ನುವವರಿದ್ದಾರೆ. ಆದರೆ ನಮ್ಮ ಕರಾವಳಿಯ ತಾಳಮದ್ದಲೆಯಲ್ಲಿ ಕೌರವನಾಗಿ ಮಾತಾಡುವ ಅರ್ಥಧಾರಿ ತನ್ನ ಪಕ್ಷವನ್ನು ಪಟ್ಟುಬಿಡದೆ ವಾದಿಸುತ್ತಾನೆ. ಕೇಳುತ್ತ ಕೂತ ಮಕ್ಕಳು ಅದರಿಂದ ಕೆಟ್ಟುಹೋಗಿಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಂದಿನ ಇಂಗ್ಲೆಂಡಿನಲ್ಲಿ ಅಪ್ಪನ ಪುಸ್ತಕದ ಕಪಾಟು ಗಂಡುಮಕ್ಕಳಿಗೆ ಬೇಗ ತೆರೆಯುತ್ತಿತ್ತು, ಹೆಣ್ಣುಮಕ್ಕಳಿಗಲ್ಲ. ಮುಖ್ಯವಾಗಿ ಅವರಿಗಾಗಿಯೇ ಬರೆದದ್ದೆಂದು ಮುನ್ನುಡಿಯೇ ಹೇಳುತ್ತದೆ. ಮುಚ್ಚಿದ ಬಾಗಿಲನ್ನು ತೆರೆದ ಪುಸ್ತಕ ಇದು, ಆ ಋಣ ದೊಡ್ಡದು. ಆದರೆ ಬಾಗಿಲು ತೆರೆಯಲು ಕಥೆ ಸಾಕಿತ್ತು, ತೀರ್ಪು ಬೇಕಿರಲಿಲ್ಲ. ತೀರ್ಪಿಲ್ಲದೆ ಕಥೆ ಹೇಳುವುದು ಗದ್ಯದಲ್ಲಿ ಆಗದ ಕೆಲಸವೂ ಅಲ್ಲ. ಲಿಯಾನ್ ಗಾರ್ಫೀಲ್ಡ್ 1985ರ ತನ್ನ ‘ಷೇಕ್ಸ್‌ಪಿಯರ್ ಸ್ಟೋರೀಸ್’ನಲ್ಲಿ ಪಾತ್ರಗಳ ಸಂಭಾಷಣೆಯನ್ನು ಧಾರಾಳವಾಗಿ ಉಳಿಸಿಕೊಂಡ. ಮಕ್ಕಳಿಗಾಗಿ ಇಂದು ‘ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ಕಥೆಯಾಗಿಸುವವರು ವರನನ್ನು ಆರಿಸುವ ಪೆಟ್ಟಿಗೆಗಳ ಪರೀಕ್ಷೆಯನ್ನು ಬೇಕಾದರೆ ಬಿಡಲಿ, ಉಂಗುರದ ತಮಾಷೆಯನ್ನೂ ಮೊಟಕು ಮಾಡಲಿ. ಜೆಸಿಕಾ ಮನೆ ಬಿಟ್ಟ ರಾತ್ರಿಯನ್ನೂ ಅದರ ನಂತರ ಶೈಲಾಕ್ ಆಡುವ ಮಾತನ್ನೂ ಪೂರ್ತಿ ಇಟ್ಟುಕೊಳ್ಳಬೇಕು.