ಚಿತ್ರದಲ್ಲಿಲ್ಲದ ತೂಬು

ಅಮೆರಿಕದಲ್ಲಿ ಹಕ್ಕಿಗಳ ಫೋಟೋ ತೆಗೆಯುವ ಹವ್ಯಾಸವಿರುವವರ ಮನೆಗೆ ಹೋಗಿದ್ದರೆ ಗೋಡೆಯ ಮೇಲೆ ಈ ಚಿತ್ರವನ್ನು ನೀವು ಕಂಡಿರಬಹುದು. ಕಿತ್ತಳೆ ಬಣ್ಣಕ್ಕೆ ತಿರುಗಿದ ಬೆಳಗಿನ ಮಂಜು, ಅದರ ನಡುವೆ ನೀರಿನಲ್ಲಿ ನಿಂತ ಉದ್ದ ಕಾಲಿನ ಹಕ್ಕಿಗಳು, ಮೇಲೆ ಒಮ್ಮೆಲೇ ಎದ್ದ ಸಾವಿರಾರು ಬಿಳಿ ಹೆಬ್ಬಾತುಗಳು. ಮನುಷ್ಯನ ಸುಳಿವೇ ಇಲ್ಲ. ಸೃಷ್ಟಿಯ ಮೊದಲ ದಿನ ಹೀಗೇ ಇದ್ದಿರಬೇಕು ಎನ್ನಿಸುತ್ತದೆ. ಇಂಥ ಚಿತ್ರಗಳಲ್ಲಿ ಬಹಳಷ್ಟು ಹುಟ್ಟುವುದು ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ರಿಯೊ ಗ್ರಾಂಡೆ ನದಿಯ ದಡದ ಬೊಸ್ಕೆ ಡೆಲ್ ಅಪಾಚೆ ವನ್ಯಜೀವಿ ಆಶ್ರಯತಾಣದಲ್ಲಿ.

ಈ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ಅದು ನನ್ನ ವೃತ್ತಿಯಿಂದ ಬಂದ ತಕರಾರು. ಲೆಕ್ಕ ಪರಿಶೋಧಕರ ವರದಿಯಲ್ಲಿ ಎರಡು ಪದಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ: 'ಟ್ರೂ ಅಂಡ್ ಫೇರ್'. ಲೆಕ್ಕ ನಿಜವಾಗಿದ್ದರೆ ಸಾಲದು, ನ್ಯಾಯವಾಗಿಯೂ ಇರಬೇಕು. ಕಂಪನಿಯ ಕಟ್ಟಡದ ಬೆಲೆ ಪೈಸೆಗೆ ಪೈಸೆ ಸರಿಯಿರಬಹುದು. ಆದರೆ ಆ ಕಟ್ಟಡ ಬ್ಯಾಂಕಿಗೆ ಅಡವಾಗಿದೆ ಎಂಬುದನ್ನು ಟಿಪ್ಪಣಿಯಲ್ಲಿ ಹೇಳದೆ ಬಿಟ್ಟರೆ ಓದಿದವನು ಮೋಸ ಹೋಗುತ್ತಾನೆ. ಬೊಸ್ಕೆಯ ಚಿತ್ರ ನಿಜ. ನ್ಯಾಯವಾದ ಚಿತ್ರ ಹೌದೇ ಎಂಬುದು ನನ್ನ ಪ್ರಶ್ನೆ.

ಒಂದು ಡಿಸೆಂಬರಿನಲ್ಲಿ ನಾವು ಏಳು ಜನ ಫೀನಿಕ್ಸಿನಿಂದ ಹೊರಟು, ಮಾರ್ಗದರ್ಶಿಯೊಬ್ಬರ ಜೊತೆ ಮೂರು ದಿನ ಅಲ್ಲಿದ್ದೆವು. ಮಾರ್ಗದರ್ಶಿ ಬಲ್ಲವರು. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಆದ್ದರಿಂದ ಬೆಳಕಿನಷ್ಟೇ ಗಾಳಿಯನ್ನೂ ನೋಡಿ ನಿಲ್ಲಬೇಕು ಎಂದು ಕಲಿಸಿದರು. ಅಲ್ಲಿಯ ಮುಖ್ಯ ಹಕ್ಕಿ ಸ್ಯಾಂಡ್‌ಹಿಲ್ ಕ್ರೇನ್, ನಮ್ಮ ಸಾರಸದ ಬಳಗದ್ದು. ಬೂದು ಮೈ, ಕೆಂಪು ಹಣೆ. ಹಾರುವ ಮುನ್ನ ಅದು ಕತ್ತು ಚಾಚಿ ಮುಂದಕ್ಕೆ ಬಾಗುತ್ತದೆ. ಬಾಗಿದ್ದು ಕಂಡ ಕೂಡಲೇ ಬೆರಳು ಶಟರ್ ಮೇಲಿರಲಿ ಎಂದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಕೊರೆಯುವ ಚಳಿಯಲ್ಲಿ ಟ್ರೈಪಾಡುಗಳ ಸಾಲಿನ ಹಿಂದೆ ನಿಂತಿದ್ದಾಗ ಹೆಬ್ಬಾತುಗಳು ಒಟ್ಟಿಗೆ ಎದ್ದ ಸದ್ದಿಗೆ ನಮ್ಮಲ್ಲಿ ಇಬ್ಬರು ಫೋಟೋ ತೆಗೆಯುವುದನ್ನೇ ಮರೆತರು. ಇಂಥ ಪ್ರವಾಸಗಳನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ.

ಎರಡನೆಯ ದಿನ ಮೆಕ್ಕೆಜೋಳದ ಹೊಲವೊಂದರಲ್ಲಿ ಟ್ರ್ಯಾಕ್ಟರ್ ಒಣಗಿದ ದಂಟುಗಳನ್ನು ಕೆಡವುತ್ತಿತ್ತು. ಅದು ದಾಟಿಹೋದ ಸಾಲಿನಲ್ಲಿ ಕ್ರೇನ್‌ಗಳು ಇಳಿದು ಕಾಳು ಹೆಕ್ಕುತ್ತಿದ್ದವು, ನಮ್ಮೂರಿನಲ್ಲಿ ನೇಗಿಲ ಹಿಂದೆ ಬೆಳ್ಳಕ್ಕಿಗಳು ನಡೆಯುವ ಹಾಗೆ. ಸುತ್ತಲಿನ ಕ್ಯಾಮೆರಾಗಳು ಕೆಳಗಿಳಿದವು. ಟ್ರ್ಯಾಕ್ಟರ್ ಮರೆಯಾದ ಮೇಲೆ ಮತ್ತೆ ಮೇಲೆದ್ದವು.

ಆ ಟ್ರ್ಯಾಕ್ಟರ್ ಅಲ್ಲಿಗೆ ದಾರಿ ತಪ್ಪಿ ಬಂದದ್ದಲ್ಲ. ಹಕ್ಕಿಗಳಿಗೆಂದೇ ಬೆಳೆದ ಜೋಳವನ್ನು ಚಳಿಗಾಲದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ಕೆಡವಿ ಕೊಡುತ್ತಾರೆ. ಒಮ್ಮೆಲೇ ಕೊಟ್ಟರೆ ಋತು ಮುಗಿಯುವ ಮೊದಲೇ ಕಣಜ ಖಾಲಿಯಾಗುತ್ತದೆ. ಕ್ರೇನ್‌ಗಳು ರಾತ್ರಿ ನಿಲ್ಲುವ ಕೊಳಗಳೂ ಹಾಗೆಯೇ. ನರಿ, ಕಯೋಟಿಗಳಿಂದ ತಪ್ಪಿಸಿಕೊಳ್ಳಲು ಅವಕ್ಕೆ ಪಾದ ಮುಳುಗುವಷ್ಟು ನೀರು ಬೇಕು, ಹೆಚ್ಚು ಆಳವಿದ್ದರೆ ಆಗದು. ಹಿಂದೆ ರಿಯೊ ಗ್ರಾಂಡೆ ಉಕ್ಕಿ ಹರಿದು ಇಂಥ ಜೌಗುಗಳನ್ನು ತಾನೇ ಮಾಡುತ್ತಿತ್ತು. ಅಣೆಕಟ್ಟು, ಏರಿಗಳು ಬಂದ ಮೇಲೆ ಆ ಉಕ್ಕು ನಿಂತಿತು. ಈಗ ಕಾಲುವೆಯಲ್ಲಿ ನೀರು ತಂದು, ಬೇಸಿಗೆಯಲ್ಲಿ ಕೊಳಗಳನ್ನು ಒಣಗಿಸಿ ಹುಲ್ಲು ಬೀಜಗಳನ್ನು ಬೆಳೆಸಿ, ಶರತ್ಕಾಲಕ್ಕೆ ಮತ್ತೆ ತೂಬು ತೆಗೆದು ತುಂಬಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಇರುತ್ತಿದ್ದ. ಬೊಸ್ಕೆ ಎಂಬುದು ನೀರುಗಂಟಿಗಳು ನಡೆಸುವ ದೊಡ್ಡ ಜಮೀನು. 57 ಸಾವಿರ ಎಕರೆಗೂ ಹೆಚ್ಚು ವಿಸ್ತಾರದ ಈ ತಾಣ ಶುರುವಾದದ್ದು 1939ರಲ್ಲಿ. 1941ರ ಚಳಿಗಾಲದಲ್ಲಿ ಇಲ್ಲಿ ಕಂಡ ಕ್ರೇನ್‌ಗಳು ಕೇವಲ 17. ಇಂದು ಅವು ಸಾವಿರಗಳ ಲೆಕ್ಕದಲ್ಲಿ ಬರುತ್ತವೆ. ಅಂದರೆ ಗೋಡೆಯ ಮೇಲಿನ ಚಿತ್ರ ಸೃಷ್ಟಿಯ ಮೊದಲ ದಿನದ್ದಲ್ಲ, ಎಂಟು ದಶಕಗಳ ದುಡಿಮೆಯ ಫಲ.

ಹಾಗಿದ್ದರೆ ಆ ದುಡಿಮೆ ಚಿತ್ರದಲ್ಲೇಕೆ ಇಲ್ಲ? ಕಾರಣ ಛಾಯಾಗ್ರಾಹಕರ ನಿರ್ಲಕ್ಷ್ಯವಲ್ಲ, ಒಂದು ನಿಯಮ. ನಿಸರ್ಗ ಛಾಯಾಗ್ರಹಣ ಸ್ಪರ್ಧೆಗಳಲ್ಲಿ 'ಮನುಷ್ಯನ ಕೈ' ಕಾಣಬಾರದೆಂಬುದು ಹಳೆಯ ಕಟ್ಟಳೆ. 2014ರಲ್ಲಿ ಅಮೆರಿಕ, ಬ್ರಿಟನ್‌ಗಳ ದೊಡ್ಡ ಛಾಯಾಗ್ರಹಣ ಸಂಘಗಳೂ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಕೂಡ ಸೇರಿ ಒಪ್ಪಿದ ವ್ಯಾಖ್ಯೆಯಲ್ಲೂ ಅದು ಉಳಿದಿದೆ. ನಮ್ಮ ಬೆಂಗಳೂರಿನ ಹವ್ಯಾಸಿಗಳಿಗೂ ಇದು ಹೊಸತಲ್ಲ. ಆ ವ್ಯಾಖ್ಯೆಯಲ್ಲಿ ಇನ್ನೊಂದು ಮಾತಿದೆ: ಚಿತ್ರದಿಂದ ಏನನ್ನೂ ಅಳಿಸಬಾರದು, ಆದರೆ ಅಂಚು ಕತ್ತರಿಸಬಹುದು. ನಮ್ಮ ಮಾರ್ಗದರ್ಶಿ ಈ ವಿಷಯದಲ್ಲಿ ಪ್ರಾಮಾಣಿಕರು. ರಾತ್ರಿ ಹೋಟೆಲಿನಲ್ಲಿ ಚಿತ್ರಗಳನ್ನು ನೋಡುವಾಗ, ಕಂಬ ಬಂದಿದ್ದರೆ ಅಳಿಸಬೇಡಿ, ನಾಳೆ ಎರಡು ಹೆಜ್ಜೆ ಎಡಕ್ಕೆ ನಿಲ್ಲಿ ಎಂದರು. ಅಳಿಸಿದರೆ ಸುಳ್ಳು, ಪಕ್ಕಕ್ಕೆ ಸರಿದು ಬಿಟ್ಟರೆ ನಿಯಮಬದ್ಧ. ನೋಡುವವನಿಗೆ ಮಾತ್ರ ಎರಡರಲ್ಲೂ ಕಂಬ ಇಲ್ಲ.

ಇದು ಕಲೆ, ಬ್ಯಾಲೆನ್ಸ್ ಶೀಟ್ ಅಲ್ಲ ಎಂದು ಗೆಳೆಯರು ಹೇಳುತ್ತಾರೆ. ಮದುವೆಯ ಫೋಟೋದಲ್ಲಿ ಸಾಲದ ಪತ್ರ ತೋರಿಸುತ್ತಾರೆಯೇ ಎಂದು ಕೇಳಿದವರೂ ಇದ್ದಾರೆ. ಒಳ್ಳೆಯ ಪ್ರಶ್ನೆ. ಈ ಚಿತ್ರಗಳು ಎಷ್ಟೋ ಜನರನ್ನು ಹಕ್ಕಿಗಳ ಕಡೆಗೆ ಒಲಿಸಿವೆ ಎಂಬುದೂ ನಿಜ. ಆದರೆ ಯಾವುದರ ಮೇಲಿನ ಒಲವು ಅದು? ತನ್ನಷ್ಟಕ್ಕೆ ತಾನಿರುವ, ಯಾರ ಹಂಗೂ ಇಲ್ಲದ ಕಾಡಿನ ಮೇಲಿನದು. ಅಂಥ ಕಾಡಿಗೆ ನಮ್ಮಿಂದ ಏನೂ ಬೇಕಿಲ್ಲ. ಬೊಸ್ಕೆಗೆ ಪ್ರತಿ ವರ್ಷ ನೀರು ಬೇಕು. ರಿಯೊ ಗ್ರಾಂಡೆಯ ನೀರಿಗೆ ಕೊಲೊರಾಡೊ, ನ್ಯೂ ಮೆಕ್ಸಿಕೋ, ಟೆಕ್ಸಸ್ ಮೂರೂ ರಾಜ್ಯಗಳ ನಡುವೆ 1938ರ ಒಪ್ಪಂದವಿದೆ. ಜಗಳ ಸುಪ್ರೀಂ ಕೋರ್ಟಿಗೂ ಹೋಗಿದೆ. 2022ರ ಬೇಸಿಗೆಯಲ್ಲಿ ಆಲ್ಬುಕರ್ಕಿ ನಗರದೊಳಗೇ ನದಿ ಒಣಗಿತ್ತು. ಕಾವೇರಿಯ ವ್ಯಾಜ್ಯ ನೋಡುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಚಿಕೆಯ ಹೊತ್ತಿನಲ್ಲಿ ಹಕ್ಕಿಗಳ ಪಾಲನ್ನು ಕೇಳಬೇಕಾದವರು ಅವನ್ನು ಮೆಚ್ಚಿದವರೇ. ಪಾಲೊಂದಿದೆ ಎಂಬುದನ್ನೇ ಅವರ ಚಿತ್ರ ಮುಚ್ಚಿಟ್ಟರೆ ಅವರು ಕೇಳುವುದು ಹೇಗೆ?

ನಮ್ಮ ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಸಲೀಂ ಅಲಿಯವರ ಸಲಹೆಯಿಂದ. ಅದರ ನಡುಗಡ್ಡೆಗಳೂ 17ನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ ಉಂಟಾದವು. ದೋಣಿಯಿಂದ ತೆಗೆದ ಎಷ್ಟು ಚಿತ್ರಗಳಲ್ಲಿ ಆ ಅಣೆ ಇದೆ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರ ನಡುವಿನ ಮರಗಳಲ್ಲೇ. ಅಲ್ಲಿಯ ಚಿತ್ರಗಳಲ್ಲೂ ಹೆಂಚಿನ ಮಾಡು ಕಾಣದಂತೆ ಆಕಾಶಕ್ಕೆ ಮುಖ ಮಾಡಿದವೇ ಹೆಚ್ಚು. ತಮಾಷೆಯೆಂದರೆ 2014ರ ವ್ಯಾಖ್ಯೆಯೇ ಇದಕ್ಕೆ ಬಾಗಿಲು ತೆರೆದಿಟ್ಟಿದೆ: ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳ ಕಥೆಯಲ್ಲಿ ಅವನ ಕುರುಹು ಇರಬಹುದು ಎನ್ನುತ್ತದೆ. ಅದು ಕೊಡುವ ಉದಾಹರಣೆಗಳಲ್ಲಿ ಕೊಕ್ಕರೆಯೂ ಒಂದು!

ಆದ್ದರಿಂದ ನಿಯಮ ಬದಲಾಗಲಿ ಎಂದು ನಾನು ಕಾಯುತ್ತಿಲ್ಲ. ಮಾರ್ಗದರ್ಶಿಗಳು ಮೂರು ದಿನದಲ್ಲಿ ಹತ್ತು ನಿಮಿಷ ತೂಬಿನ ಬಳಿ ಗುಂಪನ್ನು ನಿಲ್ಲಿಸಲಿ. ಹಿಂದಿರುಗಿದವರು ತೋರಿಸುವ ಇಪ್ಪತ್ತು ಚಿತ್ರಗಳಲ್ಲಿ ಒಂದರಲ್ಲಿ ಟ್ರ್ಯಾಕ್ಟರ್ ಇರಲಿ, ಅಥವಾ ಗೋಡೆಯ ಮೇಲಿನ ಚಿತ್ರದ ಕೆಳಗೆ ಎರಡು ಸಾಲು ಬರೆಯಲಿ: ಈ ನೀರು ಎಲ್ಲಿಂದ ಬಂತು, ಈ ಕಾಳನ್ನು ಯಾರು ಬೆಳೆದರು. ಚಿತ್ರದ ಅಂದ ಅದರಿಂದ ಕಡಿಮೆಯಾಗುವುದಿಲ್ಲ. ನೋಡಿದವರು ಹಕ್ಕಿ ಎಷ್ಟು ಚೆನ್ನಾಗಿದೆ ಎಂದು ಹೇಳುವುದರ ಜೊತೆಗೆ, ಈ ವರ್ಷ ನೀರು ಬಿಟ್ಟಿದ್ದಾರೆಯೇ ಎಂದೂ ಕೇಳಬಹುದು.